ಮರಗಟ್ಟಿದ ಕಾಲಿನ ಸಾಕ್ಷಿ

ದುಲಿಯಾ ಬಿದ್ದದ್ದು ಫೆಬ್ರವರಿಯ ಮೊದಲ ಮಂಗಳವಾರ. ಬೆಳಗಿನ ಪಾಳಿ ಶುರುವಾಗಿ ಎರಡು ಗಂಟೆಯೂ ಕಳೆದಿರಲಿಲ್ಲ. ಕೊಯ್ದ ಕೋಳಿಗಳನ್ನು ತಣಿಸುವ ತೊಟ್ಟಿಯ ಪಕ್ಕದ ನೆಲದಲ್ಲಿ ಯಾವತ್ತೂ ಕೊಬ್ಬಿನ ಜಿಡ್ಡು, ಅದರ ಮೇಲೆ ಐಸಿನ ಚೂರು. ಎಷ್ಟು ಸಲ ಕೇಳಿದರೂ ಅಲ್ಲಿಗೊಂದು ರಬ್ಬರ್ ಚಾಪೆ ಬಂದಿರಲಿಲ್ಲ. ಆಕೆಯ ಎಡಪಾದ ಒಳಕ್ಕೆ ಮಡಚಿಕೊಂಡು, ಇಡೀ ಮೈಭಾರ ಅದರ ಮೇಲೆ ಬಿತ್ತು. ಪಕ್ಕದಲ್ಲಿ ಕೆಲಸ ಮಾಡುವ ಬೆನಿತಾ ತೋಳು ಕೊಟ್ಟು ನನ್ನ ಕೋಣೆಗೆ ಕರೆತಂದು, ಮಂಚದ ಮೇಲೆ ಕೂರಿಸಿ, ಬಂದ ಹಾಗೇ ಓಡಿಹೋದಳು. ಯಾರು ಬಿದ್ದರೂ ಕೋಳಿ ಸಾಗುವ ಲೈನು ನಿಲ್ಲುವುದಿಲ್ಲ.

ನಾನು ಜೋಲೀನ್ ಪ್ರಾಥರ್. ಅಮೆರಿಕದ ಅರ್ಕನ್ಸಾ ರಾಜ್ಯದ ಈ ಗುಡ್ಡಸೀಮೆಯಲ್ಲೇ ಹುಟ್ಟಿ ಬೆಳೆದವಳು. ಹನ್ನೊಂದು ವರ್ಷ ಒಂದು ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಜೊತೆಗಿದ್ದೆ. ಉಳುಕಿದ ಕಾಲು, ಹಿಡಿದುಕೊಂಡ ತೊಡೆ, ಇವುಗಳನ್ನು ಮತ್ತೆ ಆಡುವ ಹಾಗೆ ಮಾಡುವುದು ನನ್ನ ಕಸುಬು. ಆ ಕಾಲೇಜು ಮುಚ್ಚಿತು. ಆಮೇಲೆ ಈ ಕೋಳಿ ಕಾರ್ಖಾನೆಯವರು ಕರೆದರು. ಬಟ್ಟೆ ಬದಲಿಸುವ ಕೋಣೆಯ ಪಕ್ಕದಲ್ಲಿ ಒಂದು ಮಂಚ, ಒಂದು ಐಸ್ ಮೆಷೀನು, ನಾಲ್ಕು ರಬ್ಬರ್ ಪಟ್ಟಿ ಕೊಟ್ಟು, ಬಾಗಿಲಿಗೆ ‘ಗಾಯ ತಡೆ ಕೇಂದ್ರ’ ಎಂದು ಬೋರ್ಡು ಹಾಕಿದರು. ಗಾಯ ತಡೆಯುವುದೇ ನನ್ನ ಕೆಲಸ ಎಂದು ನಾನು ಒಂದು ವರ್ಷ ನಂಬಿದ್ದೆ.

ದುಲಿಯಾಗೆ ಐವತ್ತಮೂರು. ಗ್ವಾಟೆಮಾಲಾದ ಬೆಟ್ಟದೂರಿನಿಂದ ಬಂದು ಹದಿನಾಲ್ಕು ವರ್ಷದಿಂದ ರೆಕ್ಕೆ ಕತ್ತರಿಸುತ್ತಿದ್ದಳು. ಲೈನಿನಲ್ಲಿ ಎಲ್ಲರೂ ಆಕೆಯನ್ನು ಗೌರವದಿಂದ ದೋನ್ಯಾ ದುಲಿಯಾ, ದುಲಿಯಾ ಅಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಬೂಟು ಬಿಚ್ಚಿದಾಗ ಕಾಲಿನ ಹರಡು ಆಗಲೇ ಊದಿಕೊಂಡಿತ್ತು. ಮೂಳೆಯ ಅಂಚುಗಳನ್ನು ಒತ್ತಿ ನೋಡಿದೆ, ನಾಲ್ಕು ಹೆಜ್ಜೆ ನಡೆಸಿದೆ. ಮೂಳೆ ಮುರಿದ ಹಾಗಿರಲಿಲ್ಲ, ಆದರೆ ಮೂಳೆಗಳನ್ನು ಬಿಗಿದಿಡುವ ಹೊರಬದಿಯ ಕಟ್ಟು ಚೆನ್ನಾಗಿಯೇ ಹರಿದಿತ್ತು. ಸುರಕ್ಷತೆಯ ಮೇಲಧಿಕಾರಿ ಕರ್ಟ್ ವಿಂಗೇಟ್‌ಗೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಬೇಕು, ಎರಡು ಮೂರು ವಾರ ಕೂತು ಮಾಡುವ ಕೆಲಸ ಕೊಡಬೇಕು ಎಂದೆ.

ಕರ್ಟ್ ತಾನೇ ಇಳಿದು ಬಂದ. ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದ:

“ಜೋ, ಐಸ್ ಇಟ್ಟು ಪಟ್ಟಿ ಸುತ್ತಿದ್ರೆ ಅದು ಪ್ರಥಮ ಚಿಕಿತ್ಸೆ. ಸರ್ಕಾರದ ರಿಜಿಸ್ಟರಿಗೆ ಹೋಗಲ್ಲ. ಡಾಕ್ಟರು ‘ಕೂತು ಮಾಡೋ ಕೆಲಸ ಕೊಡಿ’ ಅಂತ ಒಂದು ಸಾಲು ಬರೆದ್ರೋ, ಮುಗೀತು. ಅದು ಗಾಯ.”

“ಅದು ಈಗ್ಲೂ ಗಾಯಾನೇ, ಕರ್ಟ್.”

“ಕಾಗದದ ಮೇಲಲ್ಲ. ಹದಿನೈದು ನಿಮಿಷ ಐಸ್ ಇಡು, ಕಾಲು ಎಳೆದು ಆಡಿಸು, ಹಾಳೆ ತುಂಬು, ಕಳಿಸು. ದಿನಾ ಹಂಗೇ ಮಾಡು. ಅವರು ಗಟ್ಟಿ ಜನ, ನಿನ್ನ ಕಾಲೇಜಿನ ಹೂವಿನಂಥ ಹುಡುಗೀರಲ್ಲ.”

ಆಗಲೇ ನಾನು ಆ ಹಾಳೆಯನ್ನು ಅವನ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಒಳಗೆ ಹೋಗಿ ಐಸ್ ಕಟ್ಟಿದೆ. ಹದಿನೈದು ನಿಮಿಷವಾದ ಮೇಲೆ, ಹಾಳೆಯಲ್ಲಿ ಅಚ್ಚಾಗಿದ್ದ ಪ್ರಶ್ನೆಯನ್ನು ಕೇಳಿದೆ: “ಈಗ ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ.”

ಆಕೆ ಪಾದವನ್ನು ಮುಟ್ಟಿ ನೋಡಿಕೊಂಡಳು. “ಏನೂ ಗೊತ್ತಾಗ್ತಿಲ್ಲ ತಾಯಿ. ಕಾಲೇ ಇಲ್ಲ ಅನ್ನಿಸ್ತಿದೆ.”

ನಾನು ಸೊನ್ನೆ ಎಂದು ಬರೆದು ಸಹಿ ಹಾಕಿದೆ.

ನಾಲ್ಕು ದಿನ ಇದೇ ನಡೆಯಿತು. ಬೆಳಿಗ್ಗೆ ಕುಂಟುತ್ತ ಬರುವಳು. ಐಸು, ಸೊನ್ನೆ, ಸಹಿ. ಕುಂಟದೆ ಹೋಗಿ ಎಂಟು ಗಂಟೆ ಒದ್ದೆ ಸಿಮೆಂಟಿನ ಮೇಲೆ ನಿಲ್ಲುವಳು. ಸಂಜೆ ಗೋಡೆ ಹಿಡಿದುಕೊಂಡು ಹೊರಗೆ ಹೋಗುವಳು. ರಜೆ ಹಾಕುವ ಹಾಗಿಲ್ಲ, ಗೈರುಹಾಜರಿಗೆ ಒಂದೊಂದು ಪಾಯಿಂಟು, ಆರು ಪಾಯಿಂಟಾದರೆ ಕೆಲಸವಿಲ್ಲ. ಆಕೆಯ ಹೆಸರಲ್ಲಿ ಆಗಲೇ ಐದಿದ್ದವು, ಮೊಮ್ಮಗಳಿಗೆ ಜ್ವರ ಬಂದಾಗಿನವು.

ಶುಕ್ರವಾರ ಆಕೆ ಐಸಿನ ಚೀಲದ ಕೆಳಗೆ ಕಾಲಿಟ್ಟುಕೊಂಡು ನನ್ನನ್ನೇ ದಿಟ್ಟಿಸಿದಳು.

“ನೀನು ಕಾಲೇಜಲ್ಲಿ ಇದ್ದೋಳಂತೆ. ಆಟ ಆಡೋ ಹುಡುಗೀರ ಕಾಲು ಉಳುಕಿದ್ರೆ ಹಿಂಗೇ ಮಾಡ್ತಿದ್ದಾ?”

ನನ್ನ ಸ್ಪ್ಯಾನಿಷ್ ಅರೆಬೆಂದದ್ದು. ಅರ್ಥವಾಗದ ಹಾಗೆ ನಟಿಸಬಹುದಿತ್ತು.

“ಇಲ್ಲ, ದೋನ್ಯಾ.”

“ಮತ್ತೆ?”

ಹೇಳಿದೆ. ಊತ ಇಳಿಯುವ ತನಕ ಕಾಲಿನ ಮೇಲೆ ಭಾರ ಬಿಡುತ್ತಿರಲಿಲ್ಲ. ಆಮೇಲೆ ಐಸು ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ, ಮರಗಟ್ಟಿದ ಮೇಲೆ ಮೂರು ನಿಮಿಷ ವ್ಯಾಯಾಮ. ಮತ್ತೆ ಐದು ನಿಮಿಷ ಐಸು, ಮತ್ತೆ ವ್ಯಾಯಾಮ. ಹೀಗೆ ಐದು ಸಲ. ಐಸು ಇರುವುದು ಕಾಲು ಹೆದರದೆ ಆಡಲಿ ಎಂದು, ಹೊರೆ ಹೊರಲಿ ಎಂದಲ್ಲ. ಆ ಚಳಿಯಲ್ಲೂ ನೋವು ಕಂಡರೆ ಅಲ್ಲಿಗೇ ನಿಲ್ಲಿಸಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿದ್ದೆವು.

“ಎಷ್ಟು ಹೊತ್ತು ಹಿಡೀತಿತ್ತು?”

“ಒಂದು ಗಂಟೆ. ದಿನಾ.”

ಆಕೆ ಐಸಿನ ಚೀಲವನ್ನು ಎತ್ತಿ ನೆಲಕ್ಕೆ ಬಿಸಾಡಿದಳು. ಅದು ಒಡೆದು ಚೂರುಗಳು ಬಾಗಿಲ ತನಕ ಚೆಲ್ಲಿದವು.

“ಹಂಗಾದ್ರೆ ಅವರದು ಕಾಲು, ನಂದು ಕೋಳಿ ಕಾಲಾ? ಗೊತ್ತಿಲ್ದೋಳು ಮಾಡಿದ್ರೆ ಬಿಡ್ತಿದ್ದೆ. ನಿಂಗೆ ಗೊತ್ತಿತ್ತಲ್ಲೇ! ಗೊತ್ತಿದ್ದೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ದಿನಾ ಹದಿನೈದು ನಿಮಿಷ ಕೂರಿಸ್ದೆ!”

ಒದ್ದೆ ಕಾಲನ್ನೇ ಬೂಟಿಗೆ ತುರುಕಿಕೊಂಡು ಹೊರಟುಹೋದಳು. ಅವತ್ತಿನ ಹಾಳೆಗೂ ನಾನು ಸೊನ್ನೆ ಬರೆದು ಸಹಿ ಹಾಕಿದೆ. ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇವಳಾರು ನನ್ನನ್ನು ಹಾಗೆ ಬೈಯಲು, ನಾನೇನು ಕಾರ್ಖಾನೆ ಮಾಲೀಕಳೇ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಸ್ಟೀರಿಂಗ್ ಗುದ್ದುತ್ತ ಕೂಗಾಡಿದೆ. ಮನೆ ತಲುಪುವ ಹೊತ್ತಿಗೆ ಕೂಗಲು ಏನೂ ಉಳಿದಿರಲಿಲ್ಲ. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಎರಡು ಚೀಲ ಐಸ್ ತೆಗೆದುಕೊಂಡು ಆಕೆಯ ಮನೆಗೆ ಹೋದೆ. ಊರಾಚೆ ಸಾಲಾಗಿ ನಿಂತ ಟ್ರೇಲರ್ ಮನೆಗಳಲ್ಲಿ ಹಸಿರು ಮೆಟ್ಟಿಲಿನದು. ಆಕೆ ಬಾಗಿಲನ್ನು ಅರ್ಧ ತೆರೆದು ನಿಂತಳು.

“ಕರ್ಟ್ ಕಳಿಸಿದ್ನಾ?”

“ಇಲ್ಲ. ನಾನೇ ಬಂದೆ.”

“ಪಾಪ ತೊಳ್ಕೊಳ್ಳೋಕೆ ಚರ್ಚಿಗೆ ಹೋಗು.”

“ಐಸ್ ಕರಗ್ತಿದೆ, ದೋನ್ಯಾ.”

ಆಕೆ ಐಸಿನ ಚೀಲಗಳನ್ನು ನೋಡಿದಳು, ನನ್ನ ಮುಖವನ್ನಲ್ಲ. ಆಮೇಲೆ ಬಾಗಿಲು ಬಿಟ್ಟು ಒಳಗೆ ನಡೆದಳು.

ಸಕ್ಕರೆ ಕಾಯಿಲೆ ಇದೆಯಾ, ಚಳಿಗೆ ಬೆರಳು ಬೆಳ್ಳಗಾಗುತ್ತವಾ ಎಂದು ಮೊದಲು ಕೇಳಿದೆ. ಇಲ್ಲವೆಂದಳು. ನೆಲ ಒರೆಸುವ ಬಕೆಟ್ಟಿಗೆ ನೀರು ಹೊಯ್ದು ಐಸು ಸುರಿದೆ. ಬೆರಳುಗಳಿಗೆ ಮಾತ್ರ ಹಳೆಯ ಉಣ್ಣೆ ಕಾಲುಚೀಲದ ತುದಿ ಕತ್ತರಿಸಿ ತೊಡಿಸಿದೆ. ಕಾಲಿಟ್ಟು ಒಂದು ನಿಮಿಷವಾಗಿರಲಿಲ್ಲ, ಆಕೆ ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿದಳು. ಮೊದಲು ಮೂಳೆಯೊಳಗೆ ಹಿಂಡುವ ನೋವು, ಆಮೇಲೆ ಬೆಂಕಿಯ ಉರಿ, ಆಮೇಲೆ ಸೂಜಿ ಚುಚ್ಚಿದ ಹಾಗೆ. ಇಷ್ಟನ್ನು ದಾಟಿದರೆ ಮರಗಟ್ಟುತ್ತದೆ. ದಾಟುವ ತನಕ ಆಕೆ ನನ್ನನ್ನೂ, ನನ್ನ ಅಮ್ಮನನ್ನೂ, ನನ್ನ ಕಾಲೇಜನ್ನೂ ಬೈದಳು. ನನಗೆ ತಿಳಿಯದ ಬೈಗುಳಗಳೇ ಹೆಚ್ಚಿದ್ದವು.

“ಈಗ ಪಾದದ ತುದೀಲಿ ಗಾಳಿ ಮೇಲೆ ಅಕ್ಷರ ಬರೀರಿ. ಎ ಇಂದ ಶುರು ಮಾಡಿ.”

“ನಾನು ಇಸ್ಕೂಲಿಗೆ ಹೋಗಿದ್ದು ಎರಡು ವರ್ಷ. ನಂಗೆ ಬೇಕಾದ್ದು ಬರೀತೀನಿ.”

ಹೆಬ್ಬೆರಳಿನಿಂದ ನಿಧಾನವಾಗಿ ಬರೆದಳು. ಕೆ, ಯು, ಆರ್, ಟಿ. ಬರೆದ ಮೇಲೆ ಹಿಮ್ಮಡಿಯಿಂದ ಅದನ್ನು ಅಡ್ಡ ಗೀಟಿ ಹೊಡೆದುಹಾಕಿದಳು. ಮತ್ತೆ ಬರೆದಳು, ಈ ಸಲ ನನ್ನ ಹೆಸರು. ನಾನು ಗಡಿಯಾರ ನೋಡುತ್ತ ಕೂತೆ. ಮೂರು ನಿಮಿಷ ತುಂಬುವುದರೊಳಗೆ ಇಬ್ಬರನ್ನೂ ಆರೇಳು ಸಲ ಹೊಡೆದುಹಾಕಿದ್ದಳು. ಅಷ್ಟರಲ್ಲಿ ಪಾದ ಎಲ್ಲಾ ದಿಕ್ಕಿಗೂ ತಿರುಗಿತ್ತು.

ಎರಡನೆಯ ಸುತ್ತಿನಲ್ಲಿ ಎದ್ದು ನಿಂತು ಭಾರವನ್ನು ಆ ಕಾಲಿನಿಂದ ಈ ಕಾಲಿಗೆ ಬದಲಿಸಿದಳು. ಮೂರನೆಯದರಲ್ಲಿ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿದಳು. ನಾಲ್ಕನೆಯದರಲ್ಲಿ ಚುರುಕ್ಕೆಂದಿತು; ನಿಲ್ಲಿಸಿ ಹಿಂದಿನದಕ್ಕೇ ಹೋದೆವು. “ಇಷ್ಟಕ್ಕೇ ನಿಲ್ಲಿಸ್ತೀಯಾ? ಅಲ್ಲಿ ಎಂಟು ಗಂಟೆ ನಿಲ್ತೀನಲ್ಲ!” ಎಂದಳು. “ಅಲ್ಲಿ ನಿಲ್ಲಿಸೋಕೆ ಯಾರೂ ಇಲ್ಲ, ಅದಕ್ಕೇ,” ಎಂದೆ. ಕೊನೆಗೆ ಮೀನಖಂಡ ಬಿಗಿದಿದ್ದರಿಂದ ಅದಕ್ಕೂ ಐಸು ಸವರಿ, ಗೋಡೆಗೆ ಕೈಕೊಟ್ಟು ನಿಲ್ಲಿಸಿ ನಿಧಾನವಾಗಿ ಎಳೆಸಿದೆ. ಆಮೇಲೆ ಮಲಗಿಸಿ, ಪಾದದಿಂದ ನನ್ನ ಅಂಗೈಯನ್ನು ಮೆಲ್ಲಗೆ ಒತ್ತಲು ಹೇಳಿದೆ. ಐದೆಣಿಸಿ ಬಿಡಿಸಿ ಮತ್ತೆ ಎಳೆದಾಗ, ಮೊದಲಿಗಿಂತ ಎರಡು ಬೆರಳು ಹೆಚ್ಚಿಗೆ ಬಂತು.

ಒಂದು ಗಂಟೆಯ ಕೊನೆಗೆ ಆಕೆ ಒಲೆಯ ತನಕ ನಡೆದಳು. ಕುಂಟಲಿಲ್ಲ. ಕಾಫಿ ಬಿಸಿ ಮಾಡಿ ನನ್ನ ಮುಂದೆ ಕುಕ್ಕಿದಳು. ಕುಡಿ ಎನ್ನಲಿಲ್ಲ.

ಭಾನುವಾರವೂ ಹೋದೆ. ಸೋಮವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಮತ್ತೆ ಅದೇ ಐಸು, ಸೊನ್ನೆ, ಸಹಿ; ಆಕೆ ಮತ್ತೆ ಎಂಟು ಗಂಟೆ ನಿಂತಳು. ಸಂಜೆಗೆ ಕಾಲು ಬೂಟಿನಿಂದ ಬರಲೊಲ್ಲದು. ವಾರವಿಡೀ ಇದೇ ಪಾಡು. ಮುಂದಿನ ಶನಿವಾರ, ಭಾನುವಾರ ಮತ್ತೆ ಕಾಲಿಗೆ ಬಲ ಕಟ್ಟಿದೆವು. ಎರಡು ದಿನ ಕಟ್ಟಿದ್ದನ್ನು ಆ ಲೈನು ಐದು ದಿನ ಕೆಡವುತ್ತದೆ ಎಂದು ಗೊತ್ತಿದ್ದೇ ಕಟ್ಟಿದೆವು.

ಮಾರನೆಯ ಸೋಮವಾರ, ಪಾಳಿಗೆ ಮುಂಚೆ ನಾನು ಕರ್ಟ್‌ನ ಕೋಣೆಗೆ ನುಗ್ಗಿದೆ.

“ದುಲಿಯಾನ ಇವತ್ತೇ ಡಾಕ್ಟರ ಹತ್ರ ಕಳಿಸು. ಇಲ್ಲಾಂದ್ರೆ ಆ ಕಾಲು ಜನ್ಮಕ್ಕೂ ನೆಟ್ಟಗಾಗಲ್ಲ.”

ಅವನು ಬಾಗೆಲ್ ಬ್ರೆಡ್ಡು ತಿನ್ನುತ್ತಿದ್ದ. ಅವಸರವಿಲ್ಲದೆ ಬಾಯೊರೆಸಿಕೊಂಡು, ಡ್ರಾಯರಿನಿಂದ ಒಂದು ಕಟ್ಟು ತೆಗೆದು ನನ್ನ ಮುಂದೆ ಹರಡಿದ. ನನ್ನವೇ ಹಾಳೆಗಳು. ಒಂಬತ್ತು ದಿನ, ಒಂಬತ್ತು ಹಾಳೆ.

“ನೋವು: ಸೊನ್ನೆ. ನೋವು: ಸೊನ್ನೆ. ನೋವು: ಸೊನ್ನೆ. ಕೆಳಗೆ ಸಹಿ ಯಾರದು, ಓದಮ್ಮಾ.”

“ಇದು ಐಸ್ ಇಟ್ಟ ಮೇಲೆ ಕೇಳಿದ್ದು! ಮರಗಟ್ಟಿದ ಕಾಲನ್ನ ಕೇಳಿದ್ರೆ ಇನ್ನೇನು ಹೇಳುತ್ತೆ?”

“ಹಾಳೇಲಿ ಹಂಗಂತ ಬರೆದಿಲ್ಲ. ನೋವಿಲ್ಲ, ಕೆಲಸಕ್ಕೆ ಯೋಗ್ಯ ಅಂತಿದೆ. ನೀನೇ ಹೇಳಿದ್ದು. ನಾಳೆ ವಕೀಲ್ರು ಬಂದ್ರೂ ನಾನು ತೋರಿಸೋದು ಇದನ್ನೇ.”

ಆ ಪ್ರಶ್ನೆಯನ್ನು ಐಸಿನ ನಂತರ ಇಟ್ಟದ್ದು ಯಾರದೋ ಅಜಾಗರೂಕತೆಯಲ್ಲ. ಯಾರೋ ಬುದ್ಧಿವಂತರು ಕೂತು ಯೋಚಿಸಿ ಅಚ್ಚು ಹಾಕಿಸಿದ್ದು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೂ ಅದಕ್ಕೇ: ಓದಿದವಳ ಸಹಿ ಬೇಕಿತ್ತು. ವರ್ಷದಿಂದ ಎಷ್ಟು ಮಣಿಕಟ್ಟು, ಎಷ್ಟು ಭುಜ, ಎಷ್ಟು ಬೆನ್ನಿಗೆ ನಾನು ಸೊನ್ನೆ ಹಾಕಿದ್ದೆನೋ. ಹುಡುಗಿಯರ ಕಾಲು ಉಳಿಸಲು ಕಲಿತ ವಿದ್ಯೆಯನ್ನು ಇವರು ಬಾಯಿ ಮುಚ್ಚಿಸುವ ಬಟ್ಟೆ ಮಾಡಿಕೊಂಡಿದ್ದರು. ಆ ಬಟ್ಟೆಯನ್ನು ಒದ್ದೆ ಮಾಡಿ ಕೈಗಿಡುತ್ತಿದ್ದವಳು ನಾನೇ.

ಸಂಜೆ ದುಲಿಯಾಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೊಡೆದರೂ ಹೊಡೆಯಲಿ ಎಂದುಕೊಂಡೇ ಹೇಳಿದೆ. ಆಕೆ ಊದಿದ ಕಾಲನ್ನು ಕುರ್ಚಿಯಿಂದ ಕೆಳಗಿಳಿಸಿದಳು.

“ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಕೈಕಾಲು ಎಳೆದಾಡ್ತೀವಲ್ಲ, ಆ ನಾಟಕ, ನಾಳೇನೂ ಇದೆಯಾ?”

“ದಿನಾ ಇರುತ್ತೆ. ಆರೂವರೆಗೆ.”

“ಕರ್ಟ್ ಬರ್ತಾನಾ?”

“ಮಂಗಳವಾರ ಭಾಷಣ ಇರುತ್ತೆ. ಬರ್ತಾನೆ.”

“ಸರಿ. ನೀನು ಅಡ್ಡ ಬರಬೇಡ.”

ಮಂಗಳವಾರ ಆರೂವರೆಗೆ ಲೈನಿನ ಪಕ್ಕ ನೂರಿಪ್ಪತ್ತು ಜನ ಬಿಳಿ ಕೋಟು, ಕೂದಲಿನ ಬಲೆ ತೊಟ್ಟು ನಿಂತಿದ್ದರು. ಎಂದಿನಂತೆ ನಾನು ಮುಂದೆ ನಿಂತು ಭುಜ ತಿರುಗಿಸಿ, ಬೆರಳು ಚಾಚಿ ಎಂದು ಹೇಳಿಕೊಟ್ಟೆ. ಗೋಡೆಯ ಮೇಲೆ ದೊಡ್ಡ ಬೋರ್ಡು: ಗಾಯವಿಲ್ಲದ ದಿನಗಳು, 221. ಕರ್ಟ್ ಅದರ ಕೆಳಗೆ ನಿಂತು, ಇನ್ನೂರೈವತ್ತು ಮುಟ್ಟಿದ ದಿನ ಎಲ್ಲರಿಗೂ ಬಾರ್ಬೆಕ್ಯೂ ಊಟ ಎಂದ. ಒಬ್ಬಳು ಅದನ್ನು ಸ್ಪ್ಯಾನಿಷಿಗೆ ತಿರುಗಿಸಿ ಹೇಳಿದಳು.

ದುಲಿಯಾ ಸಾಲು ಬಿಟ್ಟು ಮುಂದೆ ಬಂದಳು. ಅಂದು ಬೆಳಿಗ್ಗೆ ನನ್ನ ಕೋಣೆಗೆ ಬಂದಿರಲಿಲ್ಲ; ಐಸು ಇಟ್ಟಿರಲಿಲ್ಲ. ಪ್ರತಿ ಹೆಜ್ಜೆಗೂ ಸೊಂಟ ವಾಲುತ್ತಿತ್ತು. ಮಾಂಸ ಜೋಡಿಸುವ ಸ್ಟೀಲ್ ಮೇಜಿನ ಅಂಚಿಗೆ ಕೂತು, ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಪಾದವನ್ನು ಮೇಜಿನ ಮೇಲೆ ಇಟ್ಟಳು. ಹಳದಿ, ನೇರಳೆ, ಕಪ್ಪು. ಹರಡು ಇದ್ದ ಜಾಗದಲ್ಲಿ ಒಂದು ಮುದ್ದೆ.

“ಇದನ್ನ ಎಲ್ಲಿ ಬರೆದಿದ್ದೀಯಾ, ಸಾಹೇಬಾ?”

“ಮೇಜಿಂದ ಕಾಲು ತೆಗಿ. ಇಲ್ಲಿ ಮಾಂಸ ಇಡ್ತಾರೆ.”

“ಇದೂ ಮಾಂಸಾನೇ. ಎಲ್ಲಿ ಬರೆದಿದ್ದೀಯಾ ಅಂತ ಕೇಳ್ದೆ.”

ಯಾರೋ ನಕ್ಕರು. ಕರ್ಟ್‌ನ ಕಿವಿ ಕೆಂಪಾಯಿತು. “ಅವಳಿಗೆ ನೋವೇ ಇಲ್ಲ ಅಂತ ನಮ್ಮ ತಜ್ಞೆ ದಿನಾ ಬರ್ಕೊಟ್ಟಿದಾರೆ,” ಎಂದು ನನ್ನತ್ತ ಬೆರಳು ತೋರಿಸಿದ. ಅಡ್ಡ ಬರಬೇಡ ಎಂದಿದ್ದಳು ದುಲಿಯಾ. ಆದರೆ ಆ ಬೆರಳು ನನ್ನ ಕಡೆಗಿತ್ತು.

“ಬರೆದೋಳು ನಾನೇ,” ಎಂದೆ. “ಮೊದಲು ಐಸ್ ಇಟ್ಟು ಕಾಲು ಸಾಯಿಸಿ, ಆಮೇಲೆ ನೋವಿದೆಯಾ ಅಂತ ಕೇಳಿ ಬರೆದೆ. ನಿಮ್ಮೆಲ್ಲರ ಹಾಳೇನೂ ಹಂಗೇ ಬರೆದೆ. ಅದು ಸುಳ್ಳು. ಈ ಬೋರ್ಡೂ ಸುಳ್ಳು.”

ಆಮೇಲೆ ಬೆನಿತಾ ಕೈಗವಸು ಬಿಚ್ಚಿ ಬಲಗೈ ಎತ್ತಿದಳು. ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಆಕೆಯ ಹಿಂದೆ ನಿಂತವನು ಕೋಟಿನ ತೋಳು ಮೇಲೆ ಸರಿಸಿದ. ಮತ್ತೊಬ್ಬಳು, ಮತ್ತೊಬ್ಬ. ಯಾರೂ ಕೂಗಲಿಲ್ಲ. ಗವಸು ಬಿಚ್ಚುವ ರಬ್ಬರಿನ ಸದ್ದು ಸಾಲಿನ ಉದ್ದಕ್ಕೂ ಹೋಯಿತು. ಕರ್ಟ್ “ಲೈನಿಗೆ ಹೋಗಿ, ಲೈನಿಗೆ ಹೋಗಿ” ಎಂದು ಅರಚುತ್ತಲೇ ಇದ್ದ. ಆ ದಿನ ಲೈನು ಹನ್ನೊಂದು ನಿಮಿಷ ತಡವಾಗಿ ಶುರುವಾಯಿತು. ಇಷ್ಟು ವರ್ಷದಲ್ಲಿ ಅದೇ ಮೊದಲು ಎಂದು ಆಮೇಲೆ ಬೆನಿತಾ ಹೇಳಿದಳು.

ನನ್ನ ಕೆಲಸ ಏಳು ಗಂಟೆಗೆ ಹೋಯಿತು. “ಉಂಡ ಮನೆಗೆ ಎರಡು ಬಗೆದೆ,” ಎಂದ ಕರ್ಟ್, ನನ್ನ ಗುರುತಿನ ಚೀಟಿ ಕಿತ್ತುಕೊಳ್ಳುತ್ತ. “ಉಂಡಿದ್ದು ಸುಳ್ಳು, ಅದಕ್ಕೇ ಕಕ್ಕಿದೆ,” ಎಂದೆ. ದುಲಿಯಾ ಅದೇ ಬರಿಗಾಲಲ್ಲಿ ನನ್ನ ಗಾಡಿ ಹತ್ತಿದಳು. ಆರನೆಯ ಪಾಯಿಂಟು ಬಿದ್ದರೆ ಬೀಳಲಿ ಎಂದಳು. ಪಕ್ಕದ ಊರಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಎರಡು ವಾರ ಹೇಗೆ ನಿಂತಿರಿ ಎಂದು ಕೇಳಿದರು. “ನಿಂತಿದ್ದು ನಾನಲ್ಲ, ಐಸು,” ಎಂದಳು ಆಕೆ. ಆರು ವಾರ ಕೂತು ಮಾಡುವ ಕೆಲಸ ಎಂದು ಡಾಕ್ಟರು ಬರೆದುಕೊಟ್ಟರು. ನಾನು ಆ ಒಂಬತ್ತು ಹಾಳೆಗಳ ಬಗ್ಗೆ ನನ್ನ ಕೈಯಾರೆ ನಾಲ್ಕು ಪುಟ ಬರೆದು ಸಹಿ ಹಾಕಿ, ಒಂದನ್ನು ಡಾಕ್ಟರಿಗೆ ಕೊಟ್ಟೆ, ಒಂದನ್ನು ಸರ್ಕಾರದ ಕಚೇರಿಗೆ ಕಳಿಸಿದೆ.

ಹಾಳೆಗಳ ವಿಷಯ ಹೊರಗೆ ಬಂದ ಮೇಲೆ ಆಕೆಯನ್ನು ತೆಗೆದುಹಾಕುವ ಧೈರ್ಯ ಕಾರ್ಖಾನೆಗೆ ಬರಲಿಲ್ಲ. ಲೇಬಲ್ ನೋಡುವ ಕಡೆ ಒಂದು ಸ್ಟೂಲು ಕೊಟ್ಟರು. ಬೋರ್ಡನ್ನು ಒಂದು ದಿನ ಸೊನ್ನೆ ಮಾಡಿದರು, ಮರುದಿನದಿಂದ ಮತ್ತೆ ಒಂದು, ಎರಡು. ಕರ್ಟ್ ಅಲ್ಲೇ ಇದ್ದಾನೆ. ನನ್ನ ಕೋಣೆಗೆ ಬೇರೊಬ್ಬಳು ಬಂದಳಂತೆ. ಸರ್ಕಾರದವರು ಬಂದು ಎರಡು ದಿನ ಏನೋ ಬರೆದುಕೊಂಡು ಹೋದರು, ಉತ್ತರ ಇನ್ನೂ ಬಂದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತಣ್ಣಗಾಗಲಿ ಎಂದು ನನಗೆ ಆಸೆಯೂ ಇಲ್ಲ.

ಆ ಆರು ವಾರ ನಾನು ಕೆಲಸವಿಲ್ಲದವಳು, ದಿನಾ ಸಂಜೆ ಆಕೆಯ ಮನೆಗೆ ಹೋದೆ. ಈಗ ಕಟ್ಟಿದ್ದನ್ನು ಕೆಡವುವವರಿರಲಿಲ್ಲ. ಮೊದಲ ವಾರ ನಡಿಗೆ, ಎರಡನೆಯದರಲ್ಲಿ ಮೆಟ್ಟಿಲು, ಆಮೇಲೆ ಒಂಟಿಕಾಲಲ್ಲಿ ನಿಂತು ಚೆಂಡು ಹಿಡಿಯುವುದು. ನಾಲ್ಕನೆಯ ವಾರದಿಂದ ಐಸು ಬೇಕಾಗಲಿಲ್ಲ. ಆರನೆಯ ವಾರ, ಕಾಲೇಜಿನ ಹುಡುಗಿಯರಿಗೆ ಇಡುತ್ತಿದ್ದ ಪರೀಕ್ಷೆಯನ್ನೇ ಇಟ್ಟೆ: ಎಡಗಾಲಲ್ಲಿ ಹತ್ತು ಸಲ ಕುಪ್ಪಳಿಸಬೇಕು. ಮನೆಯ ಮುಂದಿನ ಜಲ್ಲಿ ನೆಲದಲ್ಲಿ, ಲಂಗ ಎತ್ತಿ ಹಿಡಿದು, ಆಕೆ ಹನ್ನೆರಡು ಸಲ ಕುಪ್ಪಳಿಸಿದಳು. ಉಸಿರು ಬಿಡುತ್ತ ನನ್ನೆದುರು ನಿಂತಳು.

“ಕಾಲು ಸರಿಯಾಯ್ತು. ಆದ್ರೆ ಆ ಮೊದಲ ಒಂಬತ್ತು ದಿನ ನಾನು ಮರೆತಿಲ್ಲ. ಮರೆಯೋದೂ ಇಲ್ಲ.”

“ನಾನೂ ಮರೆತಿಲ್ಲ, ದೋನ್ಯಾ.”

“ಒಳ್ಳೇದು. ಒಳಗೆ ಬೆನಿತಾ ಕೂತಿದಾಳೆ. ಅವಳ ಕೈಗೂ ಐಸ್ ಇಟ್ಟು ಮಾಡು.”

ಒಳಗೆ ಹೋಗಿ ನೋಡಿದೆ. ಹೆಬ್ಬೆರಳಿನ ಬುಡದ ಮಾಂಸ ಬತ್ತಿಹೋಗಿತ್ತು. ಸೂಜಿಯಿಂದ ಮುಟ್ಟಿದರೂ ಬೆರಳ ತುದಿಗೆ ತಿಳಿಯುತ್ತಿರಲಿಲ್ಲ. ಎಷ್ಟು ಸಲ ಈ ಕೈಗೆ ಹದಿನೈದು ನಿಮಿಷ ಕೊಟ್ಟಿದ್ದೆನೋ.

“ಇದಕ್ಕೆ ಐಸ್ ಇಡಬಾರ್ದು. ನರ ಸತ್ತುಹೋಗ್ತಿದೆ. ದೊಡ್ಡ ಡಾಕ್ಟರು ನೋಡ್ಬೇಕು.”

ಬೆನಿತಾ ದುಲಿಯಾಳ ಮುಖ ನೋಡಿದಳು. ದುಲಿಯಾ ನನ್ನ ಮುಖ ನೋಡಿದಳು.

“ಹಂಗಾದ್ರೆ ಕೂತ್ಕೊಂಡು ಏನು ನೋಡ್ತೀಯಾ? ನಿನ್ನ ಹತ್ರ ಗಾಡಿ ಇದೆಯಲ್ಲ. ಏಳು.”

ನಾನು ಎದ್ದೆ.